ಕಡಲಾಮೆಗೆ ಯಾವ ದೇಶದ ಕಾನೂನು?

ಬೆಳಿಗ್ಗೆ ಫ್ರೀಜರಿನ ಬಾಗಿಲು ತೆಗೆದರೆ ಐಸ್ ಟ್ರೇಯ ಪಕ್ಕದಲ್ಲಿ ಮಲಗಿದ್ದ ಏಡಿಗಳು ನನ್ನನ್ನೇ ನೋಡುತ್ತಿರುವಂತೆ ಕಂಡವು. ಏಡಿಯ ಕಣ್ಣಿನ ಸ್ವಭಾವವೇ ಹಾಗೆ. ಕಡ್ಡಿಯ ತುದಿಗೆ ಸಿಕ್ಕಿಸಿದ ಸಾಸಿವೆ ಕಾಳಿನಂತೆ ಹೊರಗೆ ಚಾಚಿಕೊಂಡೇ ಇರುತ್ತದೆ. ಒಳಗೆ ಎಚ್ಚರವಿದೆಯೋ ಇಲ್ಲವೋ ಹೇಳುವುದು ಕಷ್ಟ. ಕುಮಟೆಯ ಮೀನುಪೇಟೆಯಿಂದ ಜೀವಂತ ಏಡಿ ತಂದರೆ ನಾನು ನೇರವಾಗಿ ಕುದಿಯುವ ಪಾತ್ರೆಗೆ ಹಾಕುವುದಿಲ್ಲ. ಮೊದಲು ಫ್ರೀಜರಿನಲ್ಲಿಟ್ಟು, ಥಂಡಿಗೆ ಅವು ಮರಗಟ್ಟಿ, ಮುಟ್ಟಿದರೂ ಅಲುಗದ ಸ್ಥಿತಿಗೆ ಬಂದ ಮೇಲೆಯೇ ಮಸಾಲೆಯ ಮಾತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನನ್ನ ಯಜಮಾನರ ದನಿ ಕೇಳಿತು.

"ಎಂತ, ಪೇಶೆಂಟಿಗೆ ಅನಸ್ತೇಶಿಯಾ ಹತ್ತಿತಾ? ಅಥವಾ ಇವತ್ತಿನ ಊಟ ಸಂಜೆಗಾ?"

ನಾನು ನಿವೃತ್ತ ಪಶುವೈದ್ಯೆ. ಆದ್ದರಿಂದ ನಮ್ಮ ಮನೆಯಲ್ಲಿ ಈ ತಮಾಷೆಗೆ ಮುಪ್ಪಿಲ್ಲ. ಹೊಸದಾಗಿ ಬಂದ ನೆಂಟರೆದುರು ಅದನ್ನೇ ಹೊಸ ತಮಾಷೆಯಂತೆ ಹೇಳುವ ಕಲೆ ನಮ್ಮವರಿಗೆ ಸಿದ್ಧಿಸಿದೆ. ನಾನು ಉತ್ತರ ಕೊಡುವುದಿಲ್ಲ. ಉತ್ತರ ಕೊಡಲು ಹೋದರೆ ಮೊಹಿದ್ದೀನ್ ಸಾಹೇಬರಿಂದ ಶುರುಮಾಡಬೇಕು. ಅವರಿಂದ ಶುರುಮಾಡಿದರೆ ಏಡಿ ಫ್ರೀಜರಿನಲ್ಲೇ ಕಲ್ಲಾಗುತ್ತದೆ. ನಿಮಗಾದರೆ ಹೇಳಬಹುದು. ನಿಮಗೆ ಊಟಕ್ಕೆ ಅವಸರವಿಲ್ಲ.

ಮೊಹಿದ್ದೀನ್ ಸಾಹೇಬರು ಭಟ್ಕಳದವರು. ಅರ್ಧ ಆಯುಷ್ಯವನ್ನು ಸರಕು ಹಡಗುಗಳ ಅಡುಗೆಮನೆಯಲ್ಲಿ ಕಳೆದು, ಕೊನೆಯ ಕೆಲವು ವರ್ಷ ಸ್ವಿಟ್ಜರ್ಲೆಂಡಿನ ಒಂದು ಸರೋವರದ ದಂಡೆಯ ಹೋಟೆಲಿನಲ್ಲಿ ಬಾಣಸಿಗರಾಗಿದ್ದು ಊರಿಗೆ ಮರಳಿದ್ದರು. ಬಂದವರು ಸುಮ್ಮನೆ ಕೂರಲಾರದೆ ಆಡು ಸಾಕಿದರು. ಆಡುಗಳಿಗೆ ತಾವು ಕಂಡ ಬಂದರು, ಊರುಗಳ ಹೆಸರಿಟ್ಟಿದ್ದರು. ನಾನು ಭಟ್ಕಳದ ಪಶು ಆಸ್ಪತ್ರೆಗೆ ವರ್ಗವಾಗಿ ಬಂದ ಮೊದಲ ವಾರವೇ ಅವರ ಫೋನು: "ಡಾಕ್ಟ್ರೇ, ಮೊಂಬಾಸಾ ಹಾಸಿಗೆ ಚಾದರ ತಿಂದದೆ, ಹೊಟ್ಟೆ ಉಬ್ಬಿದೆ, ಬೇಗ ಬನ್ನಿ." ಮೊಂಬಾಸಾ ಎಂಬುದು ಅವರ ಬೀಬಿಯ ಅಡ್ಡಹೆಸರೇನೋ ಎಂದುಕೊಂಡು ನಾನು ಮನುಷ್ಯರ ಆಸ್ಪತ್ರೆಯ ದಾರಿ ಹೇಳಿದ್ದೆ. ಆ ಕಥೆ ಅವರ ಓಣಿಯಲ್ಲಿ ಇನ್ನೂ ಚಾಲ್ತಿಯಲ್ಲಿದೆ.

ಆಡುಗಳೊಂದಿಗೆ ಅವರು ತಮ್ಮ ಮನೆಮಾತಾದ ನವಾಯತಿಯಲ್ಲಿ ಮಾತಾಡುತ್ತಿದ್ದರು, ನನ್ನೊಂದಿಗೆ ಕನ್ನಡದಲ್ಲಿ. ಚಿಕಿತ್ಸೆ ಮುಗಿದ ಮೇಲೆ ಚಹಾ, ಚಹಾದ ಜೊತೆಗೆ ಒಂದು ದೇಶ. ಅದು ನಮ್ಮ ಪದ್ಧತಿಯಾಗಿಬಿಟ್ಟಿತ್ತು. ಹಾಗೆ ಒಂದು ದಿನ ಸ್ವಿಟ್ಜರ್ಲೆಂಡಿನ ಸರದಿ ಬಂತು.

"ಮೊದಲ್ನೇ ದಿನ ಅಡುಗೆಮನೆಗೆ ಹೋದೆ. ದೊಡ್ಡ ಬಾಣಸಿಗ ಒಂದು ಪೆಟ್ಟಿಗೆ ತೋರ್ಸಿದ. ಕರೆಂಟಿನ ಪೆಟ್ಟಿಗೆ. ಎಂತಕ್ಕೆ ಅಂದೆ. ಲಾಬ್ಸ್ಟರನ್ನ ಬಿಸಿನೀರಿಗೆ ಹಾಕೂ ಮೊದ್ಲು ಇದ್ರಲ್ಲಿಟ್ಟು ಅರಿವು ತಪ್ಪಿಸ್ಬೇಕು, ಜೀವಂತ ಬೇಯ್ಸಿದ್ರೆ ಕಾನೂನಿಗೆ ವಿರುದ್ಧ ಅಂದ. ಐಸಿನ ಮೇಲೆ ಜೀವಂತ ಮಲಗ್ಸಿ ತರೂದೂ ತಪ್ಪಂತೆ." ಸಾಹೇಬರು ಬಸಿಯಲ್ಲಿ ಚಹಾ ಹುಯ್ದುಕೊಂಡು ನನ್ನ ಮುಖ ನೋಡಿದರು. "ಡಾಕ್ಟ್ರೇ, ಅದು ಸಮುದ್ರ ಇಲ್ಲದ ದೇಶ! ನಾಕೂ ಬದಿ ಗುಡ್ಡ. ಅಲ್ಲಿ ಕೂತ್ಕೊಂಡು ಸಮುದ್ರದ ಜೀವಕ್ಕೆ ನೋವಾಗ್ತದೆ ಅಂತ ಯೋಚನೆ ಮಾಡಿದ್ದಾರೆ. ನಾವು ಸಮುದ್ರದ ಬಾಯಲ್ಲೇ ಹುಟ್ಟಿದವರು, ಒಂದಿನ ಆದ್ರೂ ಯೋಚನೆ ಮಾಡಿದ್ವಾ?"

ನಾನು ಮಾಡಿರಲಿಲ್ಲ. ದನ, ಎಮ್ಮೆ, ನಾಯಿಗಳ ನೋವು ನನ್ನ ಕಸುಬು. ಆದರೆ ಏಡಿಯನ್ನು ಅಂದಿನವರೆಗೆ ನಾನು ಸಾರಿನ ಸಾಮಾನುಗಳ ಪೈಕಿ ಲೆಕ್ಕ ಹಿಡಿದಿದ್ದೆ. ಅಂದು ಸಂಜೆ ಮನೆಗೆ ಬಂದು ಏಡಿಯನ್ನು ಫ್ರೀಜರಿನಲ್ಲಿಟ್ಟೆ. ಸ್ವಿಟ್ಜರ್ಲೆಂಡಿನ ಕಾನೂನಿಗೆ ನನ್ನ ಫ್ರೀಜರು ಸಾಲದು ಎಂಬುದು ನನಗೆ ಗೊತ್ತು. ನಮ್ಮ ಮನೆಯ ಮಟ್ಟಿಗೆ ಅಷ್ಟೇ ದೊಡ್ಡ ಕ್ರಾಂತಿ.

ಇನ್ನೊಂದು ದಿನ ಅವರು ಹೇಳಿದ್ದು ಗಿನಿಪಿಗ್‌ಗಳ ಕಥೆ. ಗಿನಿಪಿಗ್ ಅಂದರೆ ಇಲಿಗಿಂತ ದೊಡ್ಡದಾಗಿ ಮೊಲಕ್ಕಿಂತ ಸಣ್ಣದಾಗಿರುವ ಒಂದು ಸಾಧು ಪ್ರಾಣಿ, ಅಲ್ಲಿಯ ಮಕ್ಕಳು ಮುದ್ದಿಗೆ ಸಾಕುತ್ತಾರೆ. ಅದು ಗುಂಪಿನಲ್ಲಿ ಬಾಳುವ ಜೀವ. ಹಾಗಾಗಿ ಆ ದೇಶದಲ್ಲಿ ಅದನ್ನು ಒಂಟಿಯಾಗಿ ಸಾಕುವಂತಿಲ್ಲ. ಸಾಹೇಬರ ಕೋಣೆಯ ಕೆಳಗಿನ ಮನೆಯ ಅಜ್ಜಿಯ ಹತ್ತಿರ ಎರಡಿದ್ದವು, ಒಂದು ಸತ್ತಿತು. ಅಜ್ಜಿ ಕಣ್ಣೀರು ಒರೆಸಿಕೊಳ್ಳುತ್ತಲೇ ಉಳಿದದ್ದಕ್ಕೆ ಜೊತೆ ಹುಡುಕಲು ಹೊರಟರಂತೆ. "ಆ ಅಜ್ಜಿ ಒಬ್ಬಳೇ ಇದ್ಳು ಡಾಕ್ಟ್ರೇ. ಗಂಡ ಇಲ್ಲ, ಯಾರೂ ಬರೂದಿಲ್ಲ. ಅವಳಿಗೆ ಜೊತೆ ಬೇಕು ಅಂತ ಕಾನೂನಿಲ್ಲ" ಎಂದು ಸಾಹೇಬರು ಬಸಿ ಕೆಳಗಿಟ್ಟರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಜಿನೀವಾ ಎಂಬ ಆಡು ಗೋಡೆಯ ಪೋಸ್ಟರು ಮೆಲ್ಲುವುದನ್ನು ನೋಡುತ್ತ ಕೂತೆವು.

ಅಲ್ಲಿಂದ ನನಗೊಂದು ಹುಚ್ಚು ಹಿಡಿಯಿತು. ಬೇರೆ ಬೇರೆ ದೇಶಗಳಲ್ಲಿ ಪ್ರಾಣಿಗಳಿಗೆ ಏನೇನು ಕಾನೂನಿದೆ ಎಂದು ಬಿಡುವಾದಾಗಲೆಲ್ಲ ಓದತೊಡಗಿದೆ. ಸ್ವೀಡನ್ನಿನಲ್ಲಿ ಬೇಸಿಗೆ ಬಂದರೆ ಹಸುಗಳನ್ನು ಹೊರಗೆ ಹುಲ್ಲುಗಾವಲಿಗೆ ಬಿಡಲೇಬೇಕು, ಅದು ಕಾನೂನು. ಜರ್ಮನಿಯ ಕಾಯ್ದೆಯಲ್ಲಿ ಪ್ರಾಣಿ ಒಂದು ವಸ್ತುವಲ್ಲ ಎಂದು ಬಿಡಿಸಿ ಬರೆದಿದ್ದಾರೆ. ಇಂಥದ್ದನ್ನೆಲ್ಲ ಓದಿ ತಲೆ ತುಂಬಿಕೊಂಡಿದ್ದ ನಾನು ಹೊನ್ನಾವರದ ಹತ್ತಿರ ಒಂದು ದನಗಳ ಲಸಿಕೆ ಶಿಬಿರದಲ್ಲಿ ಮೈಕು ಸಿಕ್ಕಿದ್ದೇ ತಡ, ಸ್ವೀಡನ್ನಿನ ಹಸುಗಳ ಭಾಗ್ಯವನ್ನು ವರ್ಣಿಸಿದೆ. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಕೈಯೆತ್ತಿದಳು. "ಅಲ್ದಾ ಅಮ್ಮಾ, ದನ ಹೊರಗೆ ಬಿಡೂಕೆ ಕಾನೂನು ಮಾಡ್ಬೇಕಾತಾ? ಉಳ್ದ ದಿನ ಎಂತ ಮಾಡ್ತ್ರು ಅವ್ಕೆ?" ಚಳಿಗಾಲವಿಡೀ ಹಿಮ ಬೀಳುತ್ತದೆ, ಕೊಟ್ಟಿಗೆಯ ಒಳಗೇ ಇರುತ್ತವೆ ಎಂದೆ. "ಪಾಪ" ಎಂದಳು ಅಜ್ಜಿ. ಶಿಬಿರಕ್ಕೆ ಶಿಬಿರವೇ ಸ್ವೀಡನ್ನಿನ ಹಸುಗಳಿಗಾಗಿ ಮರುಗಿತು. ನಾನು ಮೈಕು ಕೆಳಗಿಟ್ಟೆ.

ನಮ್ಮ ಕಾನೂನೇನೂ ಕಡಿಮೆ ಸೋಜಿಗದ್ದಲ್ಲ. ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರೆ ಅದನ್ನು ಹಿಡಿದ ಓಣಿಗೇ ತಂದು ಬಿಡಬೇಕು ಎಂಬ ನಿಯಮದಡಿ ನಾನೇ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಯಜಮಾನನಿಲ್ಲದ ನಾಯಿಗೂ ಒಂದು ಸ್ವಂತ ಓಣಿ ಇದೆಯೆಂದು ಸರ್ಕಾರ ಒಪ್ಪಿಕೊಂಡ ಹಾಗಾಯಿತಲ್ಲ! ಸಾಹೇಬರು ಇದನ್ನು ಸ್ವಿಟ್ಜರ್ಲೆಂಡಿನ ಆ ದೊಡ್ಡ ಬಾಣಸಿಗನಿಗೆ ಫೋನಿನಲ್ಲಿ ಹೇಳಿದಾಗ ಆತ ನಂಬಲೇ ಇಲ್ಲವಂತೆ. ಇನ್ನೊಂದು ಕಡೆ ನೋಡಿದರೆ, ಜೀವಿಗಳ ಮೇಲೆ ಅನುಕಂಪ ಇಡುವುದು ಪ್ರಜೆಯ ಕರ್ತವ್ಯ ಎಂದು ನಮ್ಮ ಸಂವಿಧಾನದಲ್ಲೇ ಬರೆದಿದೆ. ಆದರೆ ಎತ್ತಿಗೆ ಬಾಸುಂಡೆ ಬರುವಂತೆ ಹೊಡೆದವನಿಗೆ ಹಳೆಯ ಕಾಯ್ದೆ ಹಾಕುವ ದಂಡದಲ್ಲಿ ಒಂದು ಪ್ಲೇಟು ಗೋಳಿಬಜೆ ಬಂದರೆ ಹೆಚ್ಚು.

ಹೀಗೆ ಒಂದು ದಿನ ಸಾಹೇಬರ ಜಗುಲಿಯಲ್ಲಿ ಮೊಂಬಾಸಾಳ ಗೊರಸು ಕತ್ತರಿಸುತ್ತ ಕೂತಿದ್ದೆ. ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಅರಣ್ಯ ಇಲಾಖೆಯ ಗಾರ್ಡ್ ಗಣಪತಿಯ ಫೋನು ಬಂತು. ಮುರ್ಡೇಶ್ವರದಿಂದ ಸ್ವಲ್ಪ ಉತ್ತರಕ್ಕೆ ದಂಡೆಯ ಮೇಲೆ ಒಂದು ಕಡಲಾಮೆ ಬಿದ್ದಿದೆ, ಬಲೆ ಸುತ್ತಿಕೊಂಡಿದೆ, ಜೀವ ಇದೆ. ನಮ್ಮ ಆಸ್ಪತ್ರೆಯ ಜೀಪು ಗ್ಯಾರೇಜಿನಲ್ಲಿತ್ತು. ಸಾಹೇಬರು ಒಳಗೆ ಹೋಗಿ ಕಾರಿನ ಕೀ ತಂದರು.

ದಾರಿಯುದ್ದಕ್ಕೂ ಹಳೆಯ ಪಾಠ ನೆನಪಿಸಿಕೊಳ್ಳುತ್ತಿದ್ದೆ. ಕಾಲೇಜಿನಲ್ಲಿ ಆಮೆಯ ಬಗ್ಗೆ ನಾವು ಓದಿದ್ದು ಒಂದೇ ಒಂದು ಪುಟ, ಅದೂ ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟುಬಿಟ್ಟ ಪುಟ.

ದಂಡೆಯಲ್ಲಿ ಜನ ಸೇರಿದ್ದರು. ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರು. ಯಾರೋ ಆಮೆಯ ಬೆನ್ನಿಗೆ ಕುಂಕುಮ ಹಚ್ಚಿ ದಾಸವಾಳ ಇಟ್ಟಿದ್ದರು. ಮಾದೇವಿ ಎಂಬ ಹೆಂಗಸು ಅದರ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಪಕ್ಕದ ಕೇರಿಯವಳು, ಮೀನು ಒಣಗಿಸಿ ಮಾರುವವಳು. ಬೆಳಿಗ್ಗೆ ಮೊದಲು ಕಂಡವಳು ಅವಳೇ. ಒಬ್ಬ ಗಂಡಸು ತನ್ನ ಮಗುವನ್ನು ಆಮೆಯ ಬೆನ್ನಿನ ಮೇಲೆ ಕೂರಿಸಲು ಬಂದಾಗ ಅವಳು ಕೊಡೆ ಮಡಚಿ ಅದರಿಂದಲೇ ಅವನನ್ನು ಅಟ್ಟಿದ್ದಳಂತೆ. "ಮಾತಾಡೂಕೆ ಬರೂದಿಲ್ಲ ಅಂತ ಅದ್ರ ಮೇಲೆ ಹತ್ತೂದಾ ಅಕ್ಕಾ?" ಎಂದಳು ನನ್ನ ಹತ್ತಿರ, ಇನ್ನೂ ಸಿಟ್ಟು ಇಳಿಯದೆ.

ಹೆಣ್ಣಾಮೆ. ತುಂಬು ಬೆಳೆದದ್ದು, ಬೂದು-ಹಸಿರು ಚಿಪ್ಪು. ಎಡ ಮುಂಗಾಲಿಗೆ ಹರಿದ ನೈಲಾನ್ ಬಲೆಯ ಎಳೆಗಳು ಬಿಗಿದು, ಮಾಂಸ ಕೊಯ್ದು, ಎಲುಬಿನವರೆಗೆ ಇಳಿದಿದ್ದವು. ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರಬೇಕಾದ ಆ ಕಾಲು ಕಪ್ಪಾಗಿ ಕೊಳೆತು ನಾರುತ್ತಿತ್ತು. ನಾನು ಮಂಡಿಯೂರಿ ಕೂತಾಗ ಅದು ಕಣ್ಣು ತೆರೆಯಿತು. ಕಣ್ಣಿಂದ ದಪ್ಪಗೆ ನೀರು ಇಳಿಯಿತು. "ಅಳ್ತಾ ಇತ್ತು ನೋಡಿ" ಎಂದಳು ಮಾದೇವಿ. ಮೈಯೊಳಗಿನ ಉಪ್ಪನ್ನು ಹೊರಹಾಕಲು ಕಡಲಾಮೆಯ ಕಣ್ಣಲ್ಲಿ ಹಾಗೆ ನೀರು ಬರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಅವಳ ಮಾತು ತಿದ್ದದೆ ಚೀಲದಿಂದ ಕತ್ತರಿ ತೆಗೆದೆ.

ಬಲೆ ಕತ್ತರಿಸಿ, ವನ್ಯಪ್ರಾಣಿಗಳ ಚಿಕಿತ್ಸೆಯಲ್ಲೇ ಪಳಗಿದ ನನ್ನ ಸಹಪಾಠಿಗೆ ಫೋನ್ ಮಾಡಿ ಚಿತ್ರ ಕಳಿಸಿದೆ. ಅವಳು ಸ್ಪಷ್ಟವಾಗಿ ಹೇಳಿದಳು: "ವಿಷ ಮೈಗೇರುತ್ತಿದೆ. ಭುಜದ ಕೀಲಿನಲ್ಲಿ ಕಾಲು ತೆಗೆಯಬೇಕು. ಇಲ್ಲವಾದರೆ ನೋವಿಲ್ಲದೆ ಮಲಗಿಸಿಬಿಡಬೇಕು. ಸಾಗಿಸಿದರೆ ದಾರಿಯಲ್ಲೇ ಹೋಗುತ್ತದೆ."

ಮಲಗಿಸುವ ಔಷಧಿ ನನ್ನ ಚೀಲದಲ್ಲಿತ್ತು. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸೊಂಟ ಮುರಿದ ನಾಯಿಗಳಿಗೆ ಆ ಸೂಜಿ ಎಷ್ಟೋ ಸಲ ಚುಚ್ಚಿದ್ದೇನೆ. ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ಸು ಆ ಕಡೆಗೇ ವಾಲಿತ್ತು. ನಾನು ಹಿಂದೆಂದೂ ಕಡಲಾಮೆಗೆ ಕತ್ತಿ ಮುಟ್ಟಿಸಿದವಳಲ್ಲ. ನನ್ನ ಕೈಯಲ್ಲಿ ಅರ್ಧ ಕೊಯ್ಯಿಸಿಕೊಂಡು ನರಳಿ ಸಾಯುವುದಕ್ಕಿಂತ ಇದು ವಾಸಿ ಅನ್ನಿಸಿತು. ಗಣಪತಿಯನ್ನು ಕರೆದು ಹೇಳಿದೆ.

ಗಣಪತಿ ತಲೆಯಾಡಿಸಿದ. "ಚಿಕಿತ್ಸೆ ಅಂದ್ರೆ ನಮ್ಮ ರೇಂಜರ್ ಸಾಹೇಬ್ರು ಫೋನಲ್ಲೇ ಹೂಂ ಅಂದಿದ್ದಾರೆ ಮೇಡಂ. ಕೊಲ್ಲೂದಂದ್ರೆ ಆಗೂದಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಹುಲಿ, ಆನೆ ಇರೂ ಪಟ್ಟಿಯಲ್ಲೇ ಇದೂ ಉಂಟು. ಇನ್ನು ಬದ್ಕೂದೇ ಇಲ್ಲ ಅಂತ ಬೆಂಗಳೂರಲ್ಲಿ ರಾಜ್ಯಕ್ಕೇ ದೊಡ್ಡ ವನ್ಯಜೀವಿ ಅಧಿಕಾರಿ ಬರೆದು ಆರ್ಡರ್ ಕೊಡ್ಬೇಕು. ಅಲ್ಲೀವರೆಗೆ ನೀವು ಸೂಜಿ ಚುಚ್ಚಿದ್ರೆ ನನ್ನ ಕೆಲ್ಸವೂ ಹೋತು, ನಿಮ್ದೂ ಹೋತು."

ನನಗೆ ಸಿಟ್ಟು ಬಂತು. ಬಿಸಿಲಲ್ಲಿ ಕೊಳೆಯುತ್ತ ಬಿದ್ದ ಜೀವಕ್ಕೆ ಸಾಯಲೂ ಅಪ್ಪಣೆ ಬೇಕೆ? ಮೊಹಿದ್ದೀನ್ ಸಾಹೇಬರು ಆಗ ಬಾಯಿಬಿಟ್ಟರು.

"ಡಾಕ್ಟ್ರೇ, ನಾನು ಒಂದು ದ್ವೀಪಕ್ಕೆ ಹೋಗಿದ್ದೆ, ಕೆರಿಬಿಯನ್ ಬದಿಗೆ. ಅಲ್ಲಿ ನಾವು ಕೋಳಿ ಸಾಕಿದ ಹಾಗೆ ಕಡಲಾಮೆ ಸಾಕ್ತ್ರು. ಕಾನೂನು ಪ್ರಕಾರವೇ ಕಡಿದು ಮಾರ್ತ್ರು, ಹೋಟೆಲಲ್ಲಿ ಸಾರು ಸಿಗ್ತದೆ. ಅಲ್ಲಿ ಅದು ತಪ್ಪಲ್ಲ. ಸ್ವಿಸ್‌ನಲ್ಲಿ ಹೀಗೆ ನರಳೂ ಪ್ರಾಣಿ ಕಂಡ್ರೆ ಡಾಕ್ಟರು ಬಂದು ನಿಮ್ಮ ಹಾಗೇ ಸೂಜಿ ತೆಗೀತಿದ್ದ, ಅದು ದಯೆ. ಇಲ್ಲಿ ಇದಕ್ಕೆ ಸಾಯೂಕೂ ರಜಾ ಚೀಟಿ ಬೇಕು." ಅವರು ಆಮೆಯನ್ನೇ ನೋಡುತ್ತಿದ್ದರು. "ಪಾಪ, ಅದು ಯಾವ ದೇಶದ ದಂಡೆಗೂ ಬೀಳ್ಬೌದಿತ್ತು. ಇಲ್ಲಿ ಬಿದ್ದಿದೆ. ಇಲ್ಲಿ ಬಿದ್ದ ಮೇಲೆ ಬದುಕಿಸೂದೊಂದೇ ದಾರಿ ಅಲ್ವಾ ನಿಮಗೆ?"

ಅವರು ನನ್ನನ್ನು ಹುರಿದುಂಬಿಸಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು. ಆದರೆ ಆ ಮಾತು ಕೇಳಿ ನಾನು ಆಮೆಯ ಪಕ್ಕ ಮರಳಿನಲ್ಲೇ ಕೂತುಬಿಟ್ಟೆ. ಎಂಥ ಮಾತಲ್ಲವೇ ಯೋಚಿಸಿ. ಅದೇ ಸಮುದ್ರ, ಅದೇ ಜೀವ. ನೀರೊಳಗೆ ಯಾರೂ ಗೆರೆ ಎಳೆದಿಲ್ಲ. ದಂಡೆಗೆ ಬಂದು ಬಿದ್ದ ಕ್ಷಣಕ್ಕೆ ಅದು ಒಂದು ಕಡೆ ಊಟ, ಒಂದು ಕಡೆ ದಯೆಗೆ ಪಾತ್ರವಾದ ರೋಗಿ, ಇಲ್ಲಿ ಹುಲಿಯ ಸಮಾನ. ಎಲ್ಲೋ ದೂರದ ಊರುಗಳಲ್ಲಿ ಮೇಜಿನ ಸುತ್ತ ಕೂತು, ಕಡಲಾಮೆಯನ್ನು ಒಮ್ಮೆಯೂ ನೋಡದ ಜನ ಬರೆದ ಸಾಲುಗಳು ಈ ಮರಳಿನ ಮೇಲೆ ಬಂದು ನನ್ನ ಕೈ ಹಿಡಿದಿದ್ದವು. ಸೂಜಿಯ ಬಾಗಿಲು ಮುಚ್ಚಿತ್ತು. ಉಳಿದದ್ದು ಕತ್ತಿಯ ಬಾಗಿಲು.

"ಆತು, ಎತ್ತಿ" ಎಂದೆ.

ಮೀನು ಹರಾಜು ಹಾಕುವ ಕಟ್ಟೆಯ ಹಿಂದೆ ಒಂದು ಶೆಡ್ಡಿತ್ತು. ಲಾರಿಯ ಹಳೆಯ ಟೈರಿನ ಮೇಲೆ ಆಮೆಯನ್ನು ಕೂರಿಸಿದೆವು, ಹೊಟ್ಟೆಯ ಮೇಲೆ ಭಾರ ಬೀಳದ ಹಾಗೆ. ಮಾದೇವಿ ಒದ್ದೆ ಗೋಣಿ ಹೊದಿಸಿದಳು. ಫೋನಿನಲ್ಲಿ ಸಹಪಾಠಿ ಹೇಳಿದಂತೆ ಅಮಲು ಬರಿಸುವ ಸೂಜಿ ಕೊಟ್ಟು, ಭುಜವನ್ನು ಮರಗಟ್ಟಿಸಿದೆ. ಫೋನು ಹಿಡಿದು ನಿಂತದ್ದು ಗಣಪತಿ. ಅವನು ಅರ್ಧಕ್ಕೇ ಮುಖ ತಿರುಗಿಸಿದ್ದರಿಂದ ನನ್ನ ಸಹಪಾಠಿಗೆ ಬಹಳ ಹೊತ್ತು ಕಂಡದ್ದು ಶೆಡ್ಡಿನ ತಗಡಿನ ಮಾಡು ಮಾತ್ರ. ಮಾಂಸ ಬಿಡಿಸಿ, ರಕ್ತನಾಳ ಕಟ್ಟಿ, ಕೀಲು ಹುಡುಕಿ ಬಿಡಿಸುವ ಕೆಲಸ. ದನದ ಕೊಂಬು ತೆಗೆದ, ಕೆಟ್ಟ ಬಾಲ ಕತ್ತರಿಸಿದ ಅನುಭವವೆಲ್ಲ ಎಲ್ಲೆಲ್ಲಿಂದಲೋ ಬೆರಳಿಗೆ ಬಂದು ಕೂತಿತು.

ಕಾಲು ಬೇರೆಯಾದ ಮೇಲೆ ಹೊಲಿಗೆ ಹಾಕುತ್ತಿರುವಾಗ ನನಗೆ ಒಮ್ಮೆಲೇ ಹೊಳೆಯಿತು: ಅದು ಉಸಿರಾಡುತ್ತಿರಲಿಲ್ಲ.

ಕಡಲಾಮೆ ನಮ್ಮ ಹಾಗೆ ಕ್ಷಣಕ್ಕೊಮ್ಮೆ ಉಸಿರಾಡುವುದಿಲ್ಲ. ಬಹಳ ಹೊತ್ತು ತಡೆದಿಡಬಲ್ಲದು. ಅಮಲಿನಲ್ಲಿ ಇನ್ನೂ ನಿಧಾನ. ಪುಸ್ತಕದ ಮಾತು ಸರಿ. ಆದರೆ ನಿಮ್ಮ ಕೈ ರಕ್ತದಲ್ಲಿರುವಾಗ, ಕಣ್ಣೆದುರಿನ ಮೂಗಿನ ಹೊಳ್ಳೆಗಳು ಕಲ್ಲಿನಲ್ಲಿ ಕೊರೆದಂತೆ ಸುಮ್ಮನಿರುವಾಗ ಪುಸ್ತಕ ನೆನಪಿಗೆ ಬರುವುದಿಲ್ಲ. ಕುತ್ತಿಗೆಯ ಸಡಿಲ ಚರ್ಮದ ಕೆಳಗೆ ಬೆರಳಿಟ್ಟೆ. ಏನೂ ತಿಳಿಯಲಿಲ್ಲ. ಕೊಂದುಬಿಟ್ಟೆನೇ? ಶೆಡ್ಡಿನಲ್ಲಿ ಯಾರೂ ಅಲುಗಲಿಲ್ಲ. ಸಾಹೇಬರ ತುಟಿ ಸಣ್ಣಗೆ ಆಡುತ್ತಿತ್ತು, ದುವಾ ಇರಬೇಕು. ಮಾದೇವಿ ಗೋಣಿಯ ಮೇಲೆ ಅಂಗೈ ಊರಿ, ಹೆರಿಗೆಯ ಹಾಸಿಗೆಯ ಪಕ್ಕ ಕೂತವಳಂತೆ ಕೂತಿದ್ದಳು. ಹೊರಗೆ ಅಲೆ ಬಂದು ಹೋಗುತ್ತಿತ್ತು. ಮತ್ತೊಂದು ಬಂದು ಹೋಗುತ್ತಿತ್ತು.

ಆಮೇಲೆ ಆ ಗಂಟಲು ಉಬ್ಬಿತು. ತಲೆ ಒಂದಿಷ್ಟು ಮೇಲೆದ್ದಿತು. ದೊಡ್ಡ ಮನೆಯ ಹಳೆಯ ಬಾಗಿಲು ತೆರೆದಂತೆ ಒಂದು ನಿಟ್ಟುಸಿರು ಹೊರಬಂತು. ಅದರ ಬಿಸಿ, ಕಡಲಪಾಚಿಯ ವಾಸನೆಯ ಬಿಸಿ, ನನ್ನ ಮೊಣಕೈಗೆ ತಾಗಿತು. ನನ್ನ ಕಸುಬಿನ ಉದ್ದಕ್ಕೂ ಸಾವಿರಾರು ಪ್ರಾಣಿಗಳ ಉಸಿರು ಕೇಳಿದವಳು ನಾನು, ಆದರೆ ಉಸಿರು ಎಂಬುದು ಇಷ್ಟು ದೊಡ್ಡ ಸಂಗತಿಯೆಂದು ತಿಳಿದದ್ದು ಅಲ್ಲಿಯೇ. ಮನುಷ್ಯ ಭಾಷೆ ಕಲಿಯುವುದಕ್ಕೆ ಎಷ್ಟೋ ಮುಂಚೆ, ನಮ್ಮ ಪೈಕಿ ಯಾರೂ ಇಲ್ಲದ ದಂಡೆಗಳಲ್ಲಿ, ಇಂಥದೇ ಉಸಿರು ಎಳೆದುಕೊಂಡು ಇವು ಮೊಟ್ಟೆಯಿಟ್ಟು ಹೋಗಿದ್ದವು.

"ಬಂತು" ಎಂದಳು ಮಾದೇವಿ, ಬಹಳ ಮೆಲ್ಲಗೆ.

ಹಿಂದೆ ಸೀಗಡಿ ಮರಿ ಸಾಕುತ್ತಿದ್ದ ಒಂದು ಸಿಮೆಂಟಿನ ತೊಟ್ಟಿ ಆ ಕೇರಿಯಲ್ಲಿ ಖಾಲಿ ಬಿದ್ದಿತ್ತು. ಆಮೆಯ ಆಸ್ಪತ್ರೆ ಅದೇ ಆಯಿತು. ಕೇರಿಯ ಹೆಂಗಸರು ಕೊಡಗಳಲ್ಲಿ ಸಮುದ್ರದ ನೀರು ಹೊತ್ತು ತುಂಬಿದರು, ದಿನವೂ ಬದಲಿಸಿದರು. ನಾನು ಬಂದು ಗಾಯ ತೊಳೆದು ಸೂಜಿ ಚುಚ್ಚಿ ಹೋಗುತ್ತಿದ್ದೆ. ಊಟದ ಜವಾಬ್ದಾರಿ ಮಾತ್ರ ಮೊಹಿದ್ದೀನ್ ಸಾಹೇಬರು ಯಾರಿಗೂ ಬಿಟ್ಟುಕೊಡಲಿಲ್ಲ. ಸ್ಕ್ವಿಡ್ ಎನ್ನುವ ಬೊಂಡಾಸವನ್ನು ಸಣ್ಣಗೆ ಕತ್ತರಿಸಿ ತಂದರು. ಆಮೆ ಮುಟ್ಟಲಿಲ್ಲ. ಬಂಗುಡೆಯ ಮುಳ್ಳು ತೆಗೆದು ತಂದರು. ಮುಖ ತಿರುಗಿಸಿತು. "ಜೀವಮಾನದಲ್ಲಿ ಇಂಥಾ ಗಿರಾಕಿ ಸಿಕ್ಕಿರ್ಲಿಲ್ಲ" ಎಂದು ಅವರು ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅದಕ್ಕೆ ನವಾಯತಿಯಲ್ಲಿ ಬುದ್ಧಿ ಹೇಳುತ್ತಿದ್ದರು. ಕೊನೆಗೆ ಮಾದೇವಿ ಏಡಿ ಹಾಕಿ ನೋಡಿ ಎಂದಳು. ಜೀವಂತ ಏಡಿ ನೀರಿಗೆ ಬಿದ್ದದ್ದೇ, ಆ ಮುದಿ ಮುಖ ಸರಕ್ಕನೆ ತಿರುಗಿತು. ಕಟಕ್ ಎಂದು ಚಿಪ್ಪು ಮುರಿದ ಸದ್ದು.

ಸಾಹೇಬರು ನನ್ನ ಮುಖ ನೋಡಿದರು, ನಾನು ಅವರದು. "ಅರಿವು ತಪ್ಪಿಸ್ದೇ ತಿಂತು ಡಾಕ್ಟ್ರೇ" ಎಂದರು ಗಂಭೀರವಾಗಿ. "ಇದಕ್ಕೆ ಯಾವ ದೇಶದಲ್ಲಿ ಕೇಸು ಹಾಕೂದು?" ಆ ದಿನ ನಾವು ನಕ್ಕ ನಗೆಗೆ ಕೇರಿಯ ನಾಯಿಗಳು ಎದ್ದು ಬಂದವು. ನಗು ನಿಂತ ಮೇಲೆ ನನಗೆ ಬೇರೊಂದು ಬೆರಗು ಉಳಿಯಿತು. ಆಮೆಗೆ ಏಡಿಯ ನೋವು ತಿಳಿಯಬೇಕಾಗಿಲ್ಲ. ಅದು ಬೇಕೆಂದು ಯಾರೂ ಕೇಳದಿದ್ದರೂ, ತಾನು ತಿನ್ನುವ ಜೀವದ ನೋವನ್ನು ತಾನೇ ಲೆಕ್ಕಕ್ಕೆ ತಂದುಕೊಂಡು, ತನ್ನ ಕೈಗೆ ತಾನೇ ಕಟ್ಟು ಹಾಕಿಕೊಳ್ಳುವ ಪ್ರಾಣಿ ಇದೊಂದೇ ಇರಬೇಕು, ಮನುಷ್ಯ. ಒಂದೊಂದು ದೇಶದಲ್ಲಿ ಒಂದೊಂದು ಕಡೆ ಆ ಕಟ್ಟು ಸಡಿಲ, ಒಂದೊಂದು ಕಡೆ ಬಿಗಿ. ಎಲ್ಲಿಯೂ ಪೂರ್ತಿ ಸರಿಯಿಲ್ಲ. ಆದರೂ ಕಟ್ಟಿಕೊಳ್ಳಲು ಹೊರಟನಲ್ಲ!

ಮೊದಮೊದಲು ಅದು ತೊಟ್ಟಿಯಲ್ಲಿ ಗಿರಗಿರ ಸುತ್ತುತ್ತಿತ್ತು, ಒಂದೇ ಹುಟ್ಟು ಹಾಕಿದ ದೋಣಿಯಂತೆ. ಬರಬರುತ್ತ ಹಿಂಗಾಲುಗಳನ್ನು ಚುಕ್ಕಾಣಿಯಾಗಿ ತಿರುಗಿಸಿ ನೇರ ಹೋಗುವುದನ್ನು ತಾನೇ ಕಲಿಯಿತು. ಗಾಯ ಪೂರ್ತಿ ಒಣಗಿತು. ಅರಣ್ಯ ಇಲಾಖೆಯ ಅಪ್ಪಣೆ ಬಂತು, ಬಿಡಬಹುದು ಎಂದು. ನಮ್ಮಲ್ಲಿ ಗುರುತಿನ ಬಿಲ್ಲೆ ಇರಲಿಲ್ಲ, ಹಾಗೆಯೇ ಬಿಟ್ಟೆವು. ಮಾದೇವಿಯ ಗಂಡನ ದೋಣಿಯಲ್ಲಿ ಒದ್ದೆ ಗೋಣಿಯ ಮೇಲೆ ಮಲಗಿಸಿಕೊಂಡು, ನೇತ್ರಾಣಿ ದ್ವೀಪ ಸ್ಪಷ್ಟವಾಗಿ ಕಾಣುವಷ್ಟು ದೂರ ಹೋದೆವು.

ಅಂಚಿನಿಂದ ಜಾರಿಸಿದಾಗ ಅದು ಒಂದು ಕ್ಷಣ ನೀರಿನ ಮೇಲೆಯೇ ನಿಂತಿತು. ಒಮ್ಮೆ ಉಸಿರೆಳೆದುಕೊಂಡಿತು. ಆಮೇಲೆ ಕೆಳಗಿಳಿಯಿತು, ಸ್ವಲ್ಪ ಓರೆಯಾಗಿ, ಹಸಿರು ನೀರೊಳಗೆ ಬಿಳಿಚಿಕೊಂಡು, ಆಮೇಲೆ ನೀರೇ ಆಗಿ.

"ಈಗ ಇದು ಯಾವ ಕಾನೂನಿಗೆ ಡಾಕ್ಟ್ರೇ?" ಎಂದು ಸಾಹೇಬರು ಕೇಳಿದರು. ಸ್ವಲ್ಪ ದೂರದವರೆಗೆ ನಮ್ಮದು, ಆಮೇಲೆ ಯಾರದೂ ಅಲ್ಲದ ಸಮುದ್ರ, ಅದರಾಚೆ ಯಾರ್ಯಾರದೋ ಎಂದೆ. ಅವರು ತಾವು ಹಡಗಿನಲ್ಲಿ ಹೋದ ದಾರಿಗಳೆಲ್ಲ ಅಲ್ಲೇ ಕಾಣುತ್ತಿರುವಂತೆ ಪಶ್ಚಿಮಕ್ಕೆ ನೋಡುತ್ತ ಕೂತರು. ಮಾದೇವಿ ನಮ್ಮಿಬ್ಬರ ಮಾತನ್ನು ಮುಗಿಸುವಂತೆ, "ಎಲ್ಲಾದ್ರೂ ಇರ್ಲಿ, ಹೊಟ್ಟೆಗೆ ಸಿಕ್ರೆ ಆತು" ಎಂದಳು.

ಇಲ್ಲಿಗೆ ಬರೆದು ಎದ್ದಿದ್ದೆ. ಏಡಿ ಸಾರು ಮುಗಿದು, ಪಾತ್ರೆ ತೊಳೆದು, ಈ ಪ್ರಬಂಧವೂ ಮುಗಿಯಿತೆಂದುಕೊಂಡಿದ್ದೆ. ಅದಾಗಿ ಎರಡು ದಿನದ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಫೋನು. ಗಾರ್ಡ್ ಗಣಪತಿ, ಅವನೀಗ ಹೊನ್ನಾವರದ ಕಡೆಗಿದ್ದಾನೆ. "ಮೇಡಂ, ಅಪ್ಸರಕೊಂಡದ ದಂಡೆಗೆ ಬನ್ನಿ. ನಾ ಎಂತದೂ ಹೇಳೂದಿಲ್ಲ, ನೀವೇ ನೋಡಿ."

ನಮ್ಮವರು ಗೊಣಗುತ್ತಲೇ ಕಾರು ತೆಗೆದರು.

ದಂಡೆಯ ಮೇಲೆ ರಾತ್ರಿ ಮೊಟ್ಟೆಯಿಟ್ಟು ಹೋದ ಕಡಲಾಮೆಯೊಂದರ ಜಾಡು ನೀರಿನಿಂದ ಮೇಲಕ್ಕೆ, ಮೇಲಿನಿಂದ ಮತ್ತೆ ನೀರಿಗೆ ಹೋಗಿತ್ತು. ಅಂಥ ಜಾಡು ನಾನು ಬೇಕಾದಷ್ಟು ನೋಡಿದ್ದೇನೆ, ಎರಡೂ ಬದಿಗೆ ಮುಂಗಾಲು ಮರಳನ್ನು ಅರ್ಧಚಂದ್ರದಂತೆ ತೋಡಿರುತ್ತದೆ. ಇದರಲ್ಲಿ ಬಲಬದಿಗೆ ಮಾತ್ರ ತೋಡಿತ್ತು, ಆಳವಾಗಿ. ಎಡಬದಿಯ ಮರಳು ನುಣುಪಾಗಿತ್ತು. ಜಾಡು ನೇರವಿರಲಿಲ್ಲ. ವಾಲಿ ವಾಲಿ, ಅಲ್ಲಲ್ಲಿ ನಿಂತು, ಮತ್ತೆ ಸರಿಪಡಿಸಿಕೊಂಡು ಮೇಲೆ ಹೋಗಿತ್ತು. ನಿಂತ ಕಡೆಯಲ್ಲೆಲ್ಲ ಹೊಟ್ಟೆಯ ಅಚ್ಚು ಒತ್ತಿತ್ತು.

ಬಲೆಗೆ ಸಿಕ್ಕಿ ಕಾಲು ಕಳೆದುಕೊಂಡ ಆಮೆಗಳು ಸಮುದ್ರದಲ್ಲಿ ಎಷ್ಟಿವೆಯೋ ಯಾರಿಗೆ ಗೊತ್ತು. ಇದು ಅದೇ ಎನ್ನಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ. ಆದರೂ ಮೊಹಿದ್ದೀನ್ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ.

"ಎಡದ್ದಾ, ಬಲದ್ದಾ?" ಎಂದರು.

"ಎಡದ್ದು."

"ಅಲ್ಲೇ ಇರಿ. ನೀರೇರೂದ್ರೊಳಗೆ ಬತ್ತೆ."

ಅವರು ಬರುವಷ್ಟರಲ್ಲಿ ಭರತದ ನೀರು ಜಾಡಿನ ಕೆಳಭಾಗವನ್ನು ಅಳಿಸಿತ್ತು. ಮೇಲಿನ ಭಾಗ ಉಳಿದಿತ್ತು. ಸಾಹೇಬರಿಗೆ ಈಗ ಮಂಡಿನೋವು. ಚಪ್ಪಲಿಯನ್ನು ದೂರದಲ್ಲೇ ಬಿಟ್ಟು, ನಮ್ಮವರ ಭುಜ ಹಿಡಿದುಕೊಂಡು ನಿಧಾನ ನಡೆದು ಬಂದರು. ಜಾಡಿನ ಪಕ್ಕ ಕೂತು ನೋಡಿದರು. ಮುಟ್ಟಲಿಲ್ಲ. ಗಣಪತಿ ಮೊಟ್ಟೆಗಳಿದ್ದ ಜಾಗದ ಸುತ್ತ ಬಿದಿರ ಕೋಲು ಹುಗಿದು ಬಲೆ ಕಟ್ಟುತ್ತಿದ್ದ. ಮೊಟ್ಟೆ ಬಲಿಯಲು ಮರಳಿನ ಬಿಸಿಯೇ ಬೇಕು, ತಾಯಿ ಮತ್ತೆ ಬರುವುದಿಲ್ಲ ಎಂದು ನಾನು ನಮ್ಮವರಿಗೆ ವಿವರಿಸಿದೆ.

ಬೇರೆ ದಿನವಾಗಿದ್ದರೆ ಅವರು ಇದಕ್ಕೂ ಒಂದು ತಮಾಷೆ ಹುಡುಕುತ್ತಿದ್ದರು. ಗುಡ್ಡದ ಮೇಲಿಂದ ಸೂರ್ಯ ಆಗ ತಾನೇ ಮೇಲೆ ಬಂದಿದ್ದ. ನಮ್ಮವರು ಕಾಲಬುಡಕ್ಕೆ ನೋಡಿಕೊಂಡರು. ಆಮೇಲೆ ಮೆಲ್ಲಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು, ತಮ್ಮ ನೆರಳು ಆ ಮರಳಿನ ಮೇಲೆ ಬೀಳದ ಹಾಗೆ.